ಲಾಲಾರಸದ ಸಾಕ್ಷಿ, ರಕ್ತದ ತೀರ್ಪು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಬಾಲ್ಯದ ನೆನಪುಗಳನ್ನೇ ಬರೆಯೋಣವೆಂದು ಕುಳಿತೆ. ಮೊದಲು ಕಣ್ಮುಂದೆ ಬಂದುದು ಪಾಟಿ ಮತ್ತು ಬಳಪ. ಬರೆದುದನ್ನು ಒರೆಸಲು ಮನೆಯಿಂದ ಒದ್ದೆ ಬಟ್ಟೆಯ ಚೂರು ತರಬೇಕೆಂಬುದು ನಿಯಮ. ಆದರೆ ನಾವು ಆ ನಿಯಮವನ್ನು ಪಾಲಿಸಿದ ದಿನಗಳು ಕಡಿಮೆ. ನಾಲಿಗೆಗೆ ಬೆರಳು ತಾಗಿಸಿ ಪಾಟಿಯ ಮೇಲೆ ಎಳೆದರೆ ಕೆಲಸ ಮುಗಿಯುತ್ತಿತ್ತು. ಅದನ್ನು ಕಂಡ ಗುರುಗಳು ಕಿವಿ ಹಿಂಡಿ, "ಅಕ್ಷರಕ್ಕೆ ಎಂಜಲು ಹಚ್ಚತೀಯೇನೋ?" ಎಂದು ಗದರುತ್ತಿದ್ದರು. ಎಂಜಲೆಂದರೆ ಹೇಸಿಗೆ, ಎಂಜಲೆಂದರೆ ಮೈಲಿಗೆ ಎಂದೇ ನಾವು ಬೆಳೆದೆವು.

ಆ ಎಂಜಲನ್ನೇ ಇಂದು ವಿಜ್ಞಾನಿಗಳು ಗಾಜಿನ ನಳಿಗೆಯಲ್ಲಿ ಹಿಡಿದು, ಅದರಲ್ಲಿ ದೇಹದ ಒಳಗುಟ್ಟನ್ನು ಓದಲು ಯತ್ನಿಸುತ್ತಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಅರೆಬರೆ ಓದು ಎಂಥ ಅನಾಹುತಕ್ಕೆ ದಾರಿಯಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡ ಮೇಲೆ, ನೆನಪುಗಳನ್ನು ಬದಿಗಿರಿಸಿ ಈ ವಿಷಯವನ್ನೇ ಬರೆಯುವುದು ಉಚಿತವೆನಿಸಿತು. ನಾನು ವೈದ್ಯನಲ್ಲ, ಮಕ್ಕಳಿಗೆ ವಿಜ್ಞಾನ ಬೋಧಿಸಿ ಇತ್ತೀಚೆಗೆ ನಿವೃತ್ತನಾದ ಒಬ್ಬ ಮಾಸ್ತರ. ಓದುಗರು ಈ ಮಾತುಗಳನ್ನು ಆ ಮಿತಿಯಲ್ಲಿಯೇ ಸ್ವೀಕರಿಸಬೇಕಾಗಿ ವಿನಂತಿ.

ಅಕ್ಕನ ಗುಳಿಗೆ

ನನ್ನ ಅಕ್ಕನಿಗೆ ಥೈರಾಯ್ಡ್ ತೊಂದರೆ ಇರುವುದು ತಿಳಿದು ಹನ್ನೆರಡು ವರ್ಷಗಳಾದವು. ಅದು ತಿಳಿಯುವುದಕ್ಕೆ ಮುನ್ನ ಐದಾರು ವರ್ಷ ಆಕೆ ಪಟ್ಟ ಪಾಡು ಹೇಳತೀರದು. ಬೇಸಿಗೆಯಲ್ಲೂ ಚಳಿ, ಉಂಡದ್ದು ಕಡಿಮೆಯಾದರೂ ಏರುವ ತೂಕ, ಒಡೆದ ಚರ್ಮ, ಉದುರುವ ಕೂದಲು, ಒಡಕು ದನಿ, ಹಾಸಿಗೆ ಬಿಟ್ಟೇಳಲಾರದ ದಣಿವು. ಕೆಲವರು ರಕ್ತ ಕಡಿಮೆಯೆಂದರು, ಕೆಲವರು ದೃಷ್ಟಿಯೆಂದರು. ಶಕ್ತಿಯ ಇಂಜೆಕ್ಷನ್ನುಗಳಾದವು, ಹರಕೆಗಳಾದವು. ಬಂಧುಗಳಲ್ಲಿ ಕೆಲವರು ಮುಖದ ಮುಂದೆಯೇ ಸೋಮಾರಿಯೆಂದರು. ಅದೊಂದು ಮಾತು ಆಕೆಗೆ ರೋಗಕ್ಕಿಂತ ಹೆಚ್ಚು ನೋವು ಕೊಟ್ಟಿತು. ಕೊನೆಗೆ ಒಬ್ಬ ವೈದ್ಯರು ಒಂದು ಚಮಚೆಯಷ್ಟು ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದಾಗ ನಿಜ ಹೊರಬಿತ್ತು. ದಿನಕ್ಕೊಂದು ಸಣ್ಣ ಗುಳಿಗೆ ಆಕೆಯನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿತು.

ಎರಡು ವರ್ಷಗಳ ಹಿಂದೆ, ಆಕೆಯ ಸೂಜಿಯ ಭಯವನ್ನು ಬಲ್ಲ ಮಗಳು ಪಟ್ಟಣದಿಂದ ಒಂದು ಡಬ್ಬಿ ತರಿಸಿಕೊಟ್ಟಳು. ಅದರಲ್ಲಿದ್ದ ನಳಿಗೆಯಲ್ಲಿ ಉಗುಳಿ ಅಂಚೆಯಲ್ಲಿ ಕಳಿಸಿದರೆ ಸಾಕು, ದೇಹದ ಉರಿಯೂತವನ್ನು ಅಳೆದು ಹೇಳುತ್ತಾರೆಂದು ಜಾಹೀರಾತು. ಹತ್ತು ದಿನಗಳಲ್ಲಿ ಬಣ್ಣದ ಕಾಗದ ಬಂತು: ಉರಿಯೂತದ ಸೂಚಕಗಳು ಸಾಮಾನ್ಯ ಮಟ್ಟದಲ್ಲಿವೆ. ಅಕ್ಕ ನನಗೆ ಫೋನು ಮಾಡಿ, "ನೋಡೋ ತಮ್ಮಾ, ಉಗುಳಿನ್ಯಾಗ ಏನೂ ಇಲ್ಲಂತ ಬಂದದ. ಇನ್ನ ಈ ಗುಳಿಗಿ ಯಾಕ?" ಎಂದಳು. ವೈದ್ಯರನ್ನು ಕೇಳದೆ ನಿಲ್ಲಿಸಬೇಡವೆಂದೆ. ಆದರೆ ಕಾಗದದ ಮೇಲಿನ ಬಣ್ಣದ ಮುಂದೆ ಮಾಸ್ತರನ ಮಾತು ನಿಲ್ಲಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಮುಖ ಬಾತು, ದನಿ ಒಡೆದು, ಆಕೆ ಮತ್ತೆ ಹಾಸಿಗೆ ಹಿಡಿದಿದ್ದಳು.

ಇಲ್ಲಿ ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ಆ ಕಾಗದ ಸುಳ್ಳು ಹೇಳಿರಲಿಕ್ಕಿಲ್ಲ. ಕೇಳಿದ ಪ್ರಶ್ನೆಯೇ ಬೇರೆ, ಉತ್ತರ ಬೇಕಾಗಿದ್ದ ಪ್ರಶ್ನೆಯೇ ಬೇರೆ. ಅದನ್ನು ವಿವರಿಸಿ ಹೇಳುವವರು ನಡುವೆ ಯಾರೂ ಇರಲಿಲ್ಲ.

ಕೊರಳಿನ ಗ್ರಂಥಿ

ಥೈರಾಯ್ಡ್ ಎಂಬುದು ಕೊರಳ ಮುಂಭಾಗದಲ್ಲಿ, ಉಸಿರ್ನಾಳಕ್ಕೆ ಅಂಟಿಕೊಂಡಿರುವ ಚಿಟ್ಟೆಯಾಕಾರದ ಗ್ರಂಥಿ. ನಾವು ತಿನ್ನುವ ಆಹಾರದ ಅಯೋಡಿನನ್ನು ಹೀರಿಕೊಂಡು ಅದು ತಯಾರಿಸುವ ಹಾರ್ಮೋನು, ದೇಹದ ಬಿಸಿ, ಹೃದಯದ ಬಡಿತ, ಮಕ್ಕಳ ಬೆಳವಣಿಗೆ, ಬುದ್ಧಿಯ ಚುರುಕು ಇವೆಲ್ಲವನ್ನೂ ಹದದಲ್ಲಿಡುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದರ ಮೇಲ್ವಿಚಾರಕ. ಹಾರ್ಮೋನು ಕಡಿಮೆಯಾದೊಡನೆ ಅದು ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಕಳಿಸಿ ಥೈರಾಯ್ಡನ್ನು ಎಚ್ಚರಿಸುತ್ತದೆ. ಕೊರತೆ ಅಲ್ಪವಾಗಿದ್ದಾಗಲೇ ಈ ಎಚ್ಚರಿಕೆ ಜೋರಾಗುವುದರಿಂದ, ರಕ್ತದ ಟಿ.ಎಸ್.ಎಚ್. ಪರೀಕ್ಷೆ ಇಂದಿಗೂ ಥೈರಾಯ್ಡ್ ಪರೀಕ್ಷೆಗಳಲ್ಲಿ ಮೊದಲನೆಯದು.

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಈ ರೋಗವೆಂದರೆ ಗಳಗಂಡವೇ. ಅದಕ್ಕೆ ಕಾರಣ ಅಯೋಡಿನ್ ಕೊರತೆ. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಹಂಚಿ, ಗಳಗಂಡ ಇಳಿಮುಖವಾಗುವುದನ್ನು ತೋರಿಸಿಕೊಟ್ಟರು. ಅದರ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದ ಹರಕಿನಿಂದ ಹೊಸ ರಾಜ್ಯಕ್ಕೆ ಸೇರಿದ ವರ್ಷವೂ ಆ 1956ರೇ ಎಂಬುದನ್ನು ಹಿರಿಯರು ಬಲ್ಲರು.

ಅದೇ ವರ್ಷ ಲಂಡನ್ನಿನಲ್ಲಿ ಇನ್ನೊಂದು ಸತ್ಯ ಬೆಳಕಿಗೆ ಬಂತು. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿಯೇ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಯಲ್ಲಿ ಬಿಳಿಯ ರಕ್ತಕಣಗಳು ಮುತ್ತಿಕೊಂಡಿರುವುದನ್ನು ವರ್ಣಿಸಿದ್ದ. ಅದಕ್ಕೆ ಕಾರಣ ಹೊರಗಿನ ಶತ್ರುವಲ್ಲ, ದೇಹದ ಕಾವಲುಪಡೆಯೇ ತನ್ನ ಮನೆಯ ಗ್ರಂಥಿಯ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತಿದೆ ಎಂಬುದನ್ನು ಲಂಡನ್ನಿನ ಸಂಶೋಧಕರು 1956ರಲ್ಲಿ ಕಂಡುಕೊಂಡರು. ಈ ಮುತ್ತಿಗೆಯೇ ಉರಿಯೂತ. ಅಯೋಡಿನ್ ಸಾಕಷ್ಟಿರುವ ಕಡೆ ಥೈರಾಯ್ಡ್ ಕುಂದಲು ಈ ಹಶಿಮೊಟೊ ರೋಗವೇ ಮುಖ್ಯ ಕಾರಣ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು.

2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಹೈದರಾಬಾದು, ಬೆಂಗಳೂರು ಸೇರಿದಂತೆ 8 ನಗರಗಳ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಅವರಲ್ಲಿ ಶೇಕಡಾ 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂತು. ಅದು ನಗರಗಳ ಲೆಕ್ಕ. ಮಖ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯ ಹಳ್ಳಿಗಳ ತಾಯಂದಿರು ಆ ಲೆಕ್ಕದಲ್ಲಿ ಇಲ್ಲ. ಹತ್ತಿ ಬಿಡಿಸುವಾಗ ಬೇಗ ಸೋಲುವ ಕೈ, ಮಗ್ಗದ ಮುಂದೆ ಕುಳಿತಾಗ ಜೋಮು ಹಿಡಿಯುವ ಬೆರಳು ಇವುಗಳ ಹಿಂದೆಯೂ ಕೆಲವೊಮ್ಮೆ ಈ ಗ್ರಂಥಿಯೇ ಇರುತ್ತದೆಂಬುದು ಎಷ್ಟು ಜನರಿಗೆ ಗೊತ್ತು?

ಲಾಲಾರಸ ಏನು ಹೇಳಬಲ್ಲುದು?

ಇನ್ನು ಲಾಲಾರಸದ ಮಾತು. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ನಮ್ಮ ಬಾಯಿಯಲ್ಲಿ ಇದು ಸ್ರವಿಸುತ್ತದೆ. ಅದರ ಶೇಕಡಾ 99ರಷ್ಟು ನೀರೇ ಆದರೂ, ಉಳಿದ ಅಲ್ಪಾಂಶದಲ್ಲಿ ರಕ್ತದಿಂದ ಸೋಸಿ ಬಂದ ಹಾರ್ಮೋನುಗಳು, ಪ್ರತಿಕಾಯಗಳು, ಪ್ರೋಟೀನುಗಳು ಇರುತ್ತವೆ. ಬಾಯಿಯ ದ್ರವದಿಂದ ಎಚ್.ಐ.ವಿ. ಸೋಂಕನ್ನು ಗುರುತಿಸುವ ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲಿಯೇ ಒಪ್ಪಿಗೆ ದೊರೆಯಿತು. ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ಕುಶಿಂಗ್ ರೋಗವನ್ನು ಪತ್ತೆ ಮಾಡಲು ವೈದ್ಯರು ನಡುರಾತ್ರಿಯ ಲಾಲಾರಸವನ್ನೇ ಕೇಳುತ್ತಾರೆ. 2020ರ ಕೊರೋನಾ ಹಾವಳಿಯಲ್ಲಿಯೂ ಲಾಲಾರಸ ನೆರವಿಗೆ ಬಂತು. ಆದ್ದರಿಂದ ಇದನ್ನು ಬರಿಯ ಎಂಜಲೆಂದು ತಳ್ಳಿಹಾಕುವಂತಿಲ್ಲ.

ಥೈರಾಯ್ಡಿಗೂ ಲಾಲಾಗ್ರಂಥಿಗೂ ಒಂದು ನೆಂಟಸ್ತಿಕೆಯೂ ಉಂಟು. ರಕ್ತದಿಂದ ಅಯೋಡಿನನ್ನು ಎಳೆದುಕೊಳ್ಳಲು ಥೈರಾಯ್ಡ್ ಬಳಸುವ ಪ್ರೋಟೀನೇ ಲಾಲಾಗ್ರಂಥಿಗಳಲ್ಲಿಯೂ ಕೆಲಸ ಮಾಡುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟಾಗ ಕೆಲವು ರೋಗಿಗಳ ಬಾಯಿ ಒಣಗುವುದು ಇದೇ ಕಾರಣಕ್ಕೆ. 2020ರಲ್ಲಿ ಪೋಲೆಂಡಿನ ಬಿಯಾಲಿಸ್ಟಾಕ್ ನಗರದ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಹಶಿಮೊಟೊ ರೋಗವಿರುವ ಮಹಿಳೆಯರ ಲಾಲಾರಸವನ್ನು ಪರೀಕ್ಷಿಸಿದರು. ರಕ್ತದಲ್ಲಿ ಹಾರ್ಮೋನು ಸರಿಯಾಗಿದ್ದರೂ ಲಾಲಾರಸದಲ್ಲಿ ಜೀವಕೋಶಗಳಿಗೆ ಆಗುವ ಹಾನಿಯ ಕುರುಹುಗಳು ಹೆಚ್ಚಿರುವುದು ಕಂಡುಬಂತು. ಉರಿಯೂತದ ಸಮಯದಲ್ಲಿ ಕಣಗಳು ಪರಸ್ಪರ ಕಳಿಸುವ ಇಂಟರ್‌ಲ್ಯೂಕಿನ್‌ನಂಥ ಸಂದೇಶವಾಹಕಗಳನ್ನು ಲಾಲಾರಸದಲ್ಲಿ ಅಳೆಯುವ ಪ್ರಯತ್ನಗಳೂ ನಡೆದಿವೆ. ಸೂಜಿಯಿಲ್ಲ, ನೋವಿಲ್ಲ, ಮಗುವಿನಿಂದ ಮುದುಕಿಯವರೆಗೆ ಯಾರು ಬೇಕಾದರೂ ಕೊಡಬಹುದು. ಈ ಆಸೆ ಸಣ್ಣದಲ್ಲ.

ಆದರೆ ಮೂರು ತೊಡಕುಗಳಿವೆ.

ಮೊದಲನೆಯದು, ಉರಿಯೂತದ ಸೂಚಕವೆಂಬುದು ಊರ ಮೇಲಿನ ಹೊಗೆಯಿದ್ದಂತೆ. ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯುತ್ತದೆ. ಯಾರ ಮನೆಯ ಬೆಂಕಿಯೆಂದು ತಿಳಿಯುವುದಿಲ್ಲ. ಲಾಲಾರಸದ ಮಟ್ಟಿಗೆ ಹೇಳುವುದಾದರೆ ಅತ್ಯಂತ ಸಮೀಪದ ಬೆಂಕಿ ವಸಡಿನದು. ವಸಡು ಬಾತು ರಕ್ತ ಒಸರುವವರ ಲಾಲಾರಸದಲ್ಲಿ ಉರಿಯೂತದ ಸೂಚಕಗಳು ಸಹಜವಾಗಿಯೇ ಏರುತ್ತವೆ. ಎಲೆ ಅಡಿಕೆ, ತಂಬಾಕು, ಗುಟ್ಕಾಗಳ ಬಳಕೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಇಂಥ ಪರೀಕ್ಷೆ ಕೊರಳ ಗ್ರಂಥಿಗಿಂತ ಮೊದಲು ಹಲ್ಲಿನ ಬುಡವನ್ನೇ ಓದೀತು. ಉಂಡ ಹೊತ್ತು, ಹಗಲು ರಾತ್ರಿ, ಬಾಯಿ ಒಣಗಿದೆಯೇ ಇಲ್ಲವೇ, ನಳಿಗೆ ತಂಪಿನಲ್ಲಿತ್ತೇ ಬಿಸಿಲಿನಲ್ಲಿತ್ತೇ ಎಂಬುದರಿಂದಲೂ ಲೆಕ್ಕ ಬದಲಾಗುತ್ತದೆ.

ಎರಡನೆಯದು, ಥೈರಾಯ್ಡ್ ಹಾರ್ಮೋನನ್ನೇ ಲಾಲಾರಸದಲ್ಲಿ ಅಳೆಯಬಾರದೇಕೆ ಎಂದು ಕೇಳಬಹುದು. ರಕ್ತದಲ್ಲಿರುವ ಆ ಹಾರ್ಮೋನಿನ ಶೇಕಡಾ 99.9ಕ್ಕೂ ಹೆಚ್ಚು ಭಾಗ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಸೋಸಿ ಬಾಯಿಗೆ ಬರುವುದು ತೀರ ಅಲ್ಪ. ವಸಡಿನಿಂದ ಒಂದು ಹನಿ ರಕ್ತ ಬೆರೆತರೂ ಆ ಅಲ್ಪದ ಲೆಕ್ಕ ಕೆಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಉರಿಯೂತ ಬೇರೆ, ಕೊರತೆ ಬೇರೆ. ಹಶಿಮೊಟೊ ರೋಗದಲ್ಲಿ ಉರಿಯೂತವು ವರ್ಷಗಟ್ಟಲೆ ಒಳಗೊಳಗೇ ಗ್ರಂಥಿಯನ್ನು ಸುಡುತ್ತದೆ. ಗ್ರಂಥಿ ಬಹುಪಾಲು ಸವೆದ ಮೇಲೆ ಉರಿಯೂತ ತಣ್ಣಗಾಗಬಹುದು. ಬೆಂಕಿ ಆರಿತೆಂದ ಮಾತ್ರಕ್ಕೆ ಸುಟ್ಟ ಮನೆ ಮತ್ತೆ ಎದ್ದು ನಿಲ್ಲುತ್ತದೆಯೇ? ಅಕ್ಕನ ಕಾಗದ ಬೆಂಕಿಯ ಮಾತು ಹೇಳಿತ್ತು; ಅಕ್ಕನಿಗೆ ತಿಳಿಯಬೇಕಾಗಿದ್ದುದು ಮನೆಯ ಸ್ಥಿತಿ. ಅದನ್ನು ಹೇಳಬಲ್ಲುದು ರಕ್ತದ ಟಿ.ಎಸ್.ಎಚ್. ಹಾಗೆಂದು ಥೈರಾಯ್ಡ್ ರೋಗದಲ್ಲಿ ಉರಿಯೂತದ ಅಳತೆಯೇ ವ್ಯರ್ಥವೆಂದಲ್ಲ. ಗ್ರಂಥಿ ಬಾತು, ಕೊರಳು ಮುಟ್ಟಿದರೆ ನೋಯುವ ಒಂದು ಬಗೆಯ ಥೈರಾಯ್ಡ್ ರೋಗದಲ್ಲಿ ವೈದ್ಯರು ಇ.ಎಸ್.ಆರ್., ಸಿ-ರಿಯಾಕ್ಟಿವ್ ಪ್ರೋಟೀನುಗಳನ್ನು ನೋಡಿಯೇ ನಿರ್ಣಯಕ್ಕೆ ಬರುತ್ತಾರೆ. ಆದರೆ ಅದು ಕೂಡ ರಕ್ತದಲ್ಲಿ, ಮತ್ತು ವೈದ್ಯರ ಕಣ್ಣೆದುರಿನಲ್ಲಿ.

ನನ್ನ ಅಭಿಪ್ರಾಯ

ಲಾಲಾರಸದ ಸಂಶೋಧನೆ ನಡೆಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೂಜಿಗೆ ಹೆದರುವವರು, ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗಲಾರದವರು ನಮ್ಮಲ್ಲಿ ಅಸಂಖ್ಯ. ಅವರಿಗಾಗಿಯೇ ಈ ವಿದ್ಯೆ ಬೆಳೆಯಬೇಕು. ಆದರೆ ಪೋಲೆಂಡಿನ ಮಹಿಳೆಯರ ಬಾಯಿಯಲ್ಲಿ ಕಂಡ ಲೆಕ್ಕವನ್ನು ತಂಬಾಕು ಹಾಕುವ, ರಕ್ತಹೀನತೆಯಿಂದ ಬಳಲುವ ನಮ್ಮ ತಾಯಂದಿರ ಬಾಯಿಗೆ ನೇರವಾಗಿ ಅನ್ವಯಿಸಲಾಗದು. ಇಲ್ಲಿಯ ಅಳತೆಗೋಲನ್ನು ಇಲ್ಲಿಯೇ ರೂಪಿಸಬೇಕು. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಿದೆ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನಾರಾಯಣಪೇಟೆ, ಗದ್ವಾಲಗಳಿಗೂ 2024ರಲ್ಲಿ ವೈದ್ಯಕೀಯ ಕಾಲೇಜುಗಳು ಮಂಜೂರಾದವು. ಗಡಿಯ ಎರಡೂ ಬದಿಯ ಈ ಸಂಸ್ಥೆಗಳು ಒಂದೇ ಹೊಳೆಯ ನೀರು ಕುಡಿಯುವ ಜನರನ್ನು ಒಟ್ಟಾಗಿ ಅಧ್ಯಯನ ಮಾಡಿದರೆ ಅದೊಂದು ಘನಕಾರ್ಯವಾದೀತು.

ಅಲ್ಲಿಯವರೆಗೆ ಲಾಲಾರಸವನ್ನು ಸಾಕ್ಷಿಯೆಂದು ಕೇಳೋಣ, ನ್ಯಾಯಾಧೀಶನೆಂದು ಕೂರಿಸುವುದು ಬೇಡ. ವೈದ್ಯರ ಸಲಹೆಯಿಲ್ಲದೆ ಮನೆಗೆ ಬರುವ ಬಣ್ಣದ ಕಾಗದವನ್ನು ನಂಬಿ ಗುಳಿಗೆ ನಿಲ್ಲಿಸುವುದಾಗಲಿ ಆರಂಭಿಸುವುದಾಗಲಿ ಕೂಡದು. ಇಂಥ ಡಬ್ಬಿಗಳನ್ನು ಮಾರುವವರು, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಕೊಳ್ಳುವವರ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕಾನೂನು ಮಾಡುವುದು ಅಗತ್ಯ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ಮಾಸ್ತರೇ, ರಕ್ತಪರೀಕ್ಷೆಗೆ ಹೋಗಿ ಎನ್ನುವುದು ಸುಲಭ, ಹೋಗುವವರ ಕಷ್ಟ ನಿಮಗೇನು ಗೊತ್ತು?" ಎಂದು ಕೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಬಸ್ಸಿನ ಖರ್ಚು, ಹೋದ ದಿನದ ಕೂಲಿ, ಸಾಲಿನಲ್ಲಿ ನಿಲ್ಲುವ ಕಷ್ಟ ಇವುಗಳ ಜೊತೆಗೆ ಗಡಿನಾಡಿನವರಾದ ನಮಗೆ ಇನ್ನೊಂದು ಕಷ್ಟವೂ ಸೇರಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪರೀಕ್ಷೆಯ ವರದಿಯಲ್ಲಿ ಇಂಗ್ಲಿಷು. ಈ ಮೂರರ ನಡುವೆ ನಿಂತ ತಾಯಿಯೊಬ್ಬಳು ತನ್ನ ಒಡಕು ದನಿಯಲ್ಲಿ ಏನನ್ನು ಯಾರಿಗೆ ಹೇಳಿಯಾಳು? ತೆಲಂಗಾಣ ಸರ್ಕಾರ 2018ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಉಚಿತ ಪ್ರಯೋಗಾಲಯ ವ್ಯವಸ್ಥೆಯನ್ನು 2021ರಲ್ಲಿ ಹಲವು ಜಿಲ್ಲೆಗಳಿಗೆ ವಿಸ್ತರಿಸಿತು. ಥೈರಾಯ್ಡ್ ಪರೀಕ್ಷೆಯೂ ಅದರಲ್ಲಿ ಸೇರಿತ್ತು. ಆದರೆ ಕೇಳಿ ಪಡೆಯುವವರಿಗೆ ಮಾತ್ರ ಸೌಲಭ್ಯ ದಕ್ಕುತ್ತದೆ. ಕೇಳಬೇಕೆಂಬುದನ್ನು ತಿಳಿಸುವವರು ಬೇಕು.

ಶಾಲೆ ಏನು ಮಾಡಬಹುದು?

ಆ ತಿಳಿಸುವ ಕೆಲಸವನ್ನು ಶಾಲೆಗಿಂತ ಚೆನ್ನಾಗಿ ಮಾಡಬಲ್ಲವರು ಯಾರೂ ಇಲ್ಲ. ಥೈರಾಯ್ಡ್ ವಿಷಯದಲ್ಲಿ ಶಾಲೆಗೆ ಸ್ವಂತ ಹಿತವೂ ಇದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಮೊದಲ ಎರಡು ವಾರಗಳಲ್ಲಿ ಔಷಧ ಆರಂಭಿಸಿದರೆ ಅದು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಬುದ್ಧಿ ಶಾಶ್ವತವಾಗಿ ಕುಂಠಿತವಾಗುತ್ತದೆ. ಅದಕ್ಕೆ ಬೇಕಾದುದು ಹಿಮ್ಮಡಿಯಿಂದ ತೆಗೆಯುವ ಕೆಲವು ಹನಿ ರಕ್ತ ಮಾತ್ರ. ಬಸುರಿಯರ ಥೈರಾಯ್ಡ್ ಕೊರತೆಯಂತೂ ಹೊಟ್ಟೆಯಲ್ಲಿರುವ ಮಗುವಿನ ಮಿದುಳನ್ನೇ ತಟ್ಟುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಈ ಕೊರತೆ ಶಾಲೆಗೆ ಬರುವ ವಯಸ್ಸಿನಲ್ಲಿ ತಲೆದೋರುತ್ತದೆ. ಎತ್ತರ ಬೆಳೆಯದ, ತರಗತಿಯಲ್ಲಿ ತೂಕಡಿಸುವ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳಿಸಿದ ಪಾಪದಲ್ಲಿ ನನಗೂ ಪಾಲಿದೆಯೇನೋ ಎಂಬ ಅಳುಕು ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಈ ಮಹೋತ್ಸವದ ವರ್ಷದಲ್ಲಿ ಹಳೆಯ ವಿದ್ಯಾರ್ಥಿಗಳ ಮುಂದೆ ಮೂರು ಸಣ್ಣ ಸಲಹೆಗಳನ್ನಿಡುತ್ತೇನೆ. ಒಂದು, ಕೊತ್ತಪಲ್ಲಿಯ ತಾಯಂದಿರಿಗಾಗಿ ವರ್ಷಕ್ಕೊಂದು ದಿನ ಶಾಲೆಯಲ್ಲಿಯೇ ಥೈರಾಯ್ಡ್ ರಕ್ತಪರೀಕ್ಷೆಯ ಶಿಬಿರ ನಡೆಯಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಯೋಣ, ಖರ್ಚು ಬಿದ್ದರೆ ನಾವು ಭರಿಸೋಣ. ಎರಡು, ಮೇಲಿನ ತರಗತಿಯ ಮಕ್ಕಳು ಪರೀಕ್ಷೆಯ ವರದಿಯನ್ನು ಓದಿ ತಮ್ಮ ಮನೆಯ ಹಿರಿಯರಿಗೆ ಕನ್ನಡದಲ್ಲಿ ವಿವರಿಸುವುದನ್ನು ಕಲಿಯಲಿ. ಗುಳಿಗೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಚಹಾಕ್ಕೆ ಅರ್ಧ ಇಲ್ಲವೆ ಒಂದು ತಾಸು ಮೊದಲು ನುಂಗಬೇಕು. ಕಬ್ಬಿಣ, ಸುಣ್ಣದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ತಾಸಿನ ಅಂತರವಿರಬೇಕು. ಪ್ರಮಾಣ ಬದಲಾದರೆ ಆರರಿಂದ ಎಂಟು ವಾರಗಳ ನಂತರ ಮತ್ತೆ ರಕ್ತ ನೋಡಿಸಬೇಕು. ಇಷ್ಟನ್ನು ಒಂದು ಮಗು ಹೇಳಿದರೂ ಒಂದು ಮನೆ ಉಳಿಯುತ್ತದೆ. ಮೂರು, ಬಿಸಿಯೂಟದ ಅಡುಗೆಮನೆಯಿಂದ ಆರಂಭಿಸಿ ಪ್ರತಿ ಮನೆಯಲ್ಲೂ ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಬಿಸಿಯಿಂದ ದೂರ ಇಡುವುದು ರೂಢಿಯಾಗಲಿ.

ಅಕ್ಕ ಈಗ ಗುಣವಾಗಿದ್ದಾಳೆ. ಮತ್ತೆ ರಕ್ತ ಕೊಡಿಸಲು ಕರೆದುಕೊಂಡು ಹೋದ ದಿನ ಸೂಜಿ ಚುಚ್ಚುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, "ನಿಮ್ಮ ವಿಜ್ಞಾನಕ್ಕ ಉಗುಳು ಓದಾಕ ಇನ್ನೆಷ್ಟು ವರ್ಷ ಬೇಕಂತೋ ತಮ್ಮಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಈ ಶಾಲೆಯಲ್ಲಿ ಇಂದು ಅಕ್ಷರ ಕಲಿಯುತ್ತಿರುವ ಮಗುವೊಂದು ಮುಂದೆ ಆ ಉತ್ತರವನ್ನು ಹುಡುಕಿ ಕೊಡಲಿ. ಅಲ್ಲಿಯವರೆಗೆ ಅಕ್ಕತಂಗಿಯರ ಕೈ ಹಿಡಿದು ರಕ್ತಪರೀಕ್ಷೆಗೆ ಕರೆದೊಯ್ಯುವ ತಮ್ಮಂದಿರು ಊರ ತುಂಬ ಇರಲಿ.